ಕೊಟ್ಟಿಗೆಯ ದೆವ್ವಕ್ಕೆ ಲ್ಯಾಟಿನ್ ಮಂತ್ರ

ಹತ್ತನೇ ತರಗತಿಯ ವಿಜ್ಞಾನದ ಉತ್ತರ ಪತ್ರಿಕೆಗಳನ್ನು ತಿದ್ದುತ್ತ ಕೂತಿದ್ದೆ. ಆರನೇ ಪ್ರಶ್ನೆ: ಭೂಸಂಪರ್ಕ ತಂತಿಯ ಕಾರ್ಯವೇನು? ಎರಡು ಅಂಕ. ಹುಡುಗಿಯೊಬ್ಬಳು, 'ಈ ತಂತಿ ಇಲ್ಲದಿದ್ದರೆ ಲೋಹದ ವಸ್ತು ಮುಟ್ಟಿದವರು ಸಾಯಬಹುದು, ಸಾಯದೆಯೂ ಇರಬಹುದು' ಎಂದು ಬರೆದಿದ್ದಳು. ಪಠ್ಯಪುಸ್ತಕದಲ್ಲಿರುವ ಉತ್ತರ ಇದಲ್ಲ. ಆದರೂ ಅವಳಿಗೆ ಎರಡಕ್ಕೆ ಎರಡು ಕೊಡಬೇಕೆನ್ನಿಸಿತು. ಅಷ್ಟರಲ್ಲಿ ಕೆಂಪು ಪೆನ್ನು ನಿಂತುಹೋಯಿತು. ಇನ್ನೊಂದಿದೆಯೇನೋ ಎಂದು ಮೇಜಿನ ಡ್ರಾಯರಿಗೆ ಕೈ ಹಾಕಿ ತಡಕಿದೆ. ತಣ್ಣಗಿನದೇನೋ ಬೆರಳಿಗೆ ತಗುಲಿತು. ಹಾವು ಮುಟ್ಟಿದವನ ಹಾಗೆ ಕೈ ಹಿಂದಕ್ಕೆಳೆದುಕೊಂಡೆ.

ಹಾವೇನಲ್ಲ, ಶಿಲುಬೆ. ಗೇಣಿಗಿಂತ ತುಸು ಕಡಿಮೆ ಉದ್ದದ ಹಿತ್ತಾಳೆಯ ಶಿಲುಬೆ. ಅದರ ಕೆಳತುದಿ ಸುಟ್ಟು ಕಪ್ಪಾಗಿದೆ. ನನ್ನದಲ್ಲ, ಗೆಳೆಯ ಲಾರೆನ್ಸನದು. ಎಂಟು ತಿಂಗಳಿಂದ ವಾಪಸು ಕೊಟ್ಟಿಲ್ಲ. ಅವನು ಫೋನು ಮಾಡಿದಾಗಲೆಲ್ಲ 'ಮುಂದಿನ ವಾರ ತಂದುಕೊಡ್ತೀನಿ' ಎನ್ನುತ್ತೇನೆ. ಕೊಡಲು ಹೋದರೆ ತುದಿ ಯಾಕೆ ಕಪ್ಪಾಯಿತೆಂದು ಹೇಳಬೇಕಾಗುತ್ತದೆ. ಊರಿಗೆಲ್ಲ ಒಂದು ಕತೆ ಗೊತ್ತಿದೆ. ಅದರಲ್ಲಿ ನಾನು ಬಹಳ ದೊಡ್ಡ ಮನುಷ್ಯ. ನಿಜವಾಗಿ ನಡೆದದ್ದನ್ನು ನಿಮಗೆ ಹೇಳುತ್ತೇನೆ. ನೀವಂತೂ ಅರಸೀಕೆರೆಗೆ ಬಂದು ನನ್ನನ್ನು ಹುಡುಕುವವರಲ್ಲ.

ಇದರ ಮೂಲ ರೈಲ್ವೆ ಕ್ವಾರ್ಟರ್ಸಿನಲ್ಲಿದೆ. ಲಾರೆನ್ಸನ ಅಪ್ಪ ಅರಸೀಕೆರೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು. ಕ್ರಿಸ್‌ಮಸ್ ರಜೆಯಲ್ಲಿ ಅವರ ಮನೆಗೆ ಬಾಡಿಗೆ ವಿ.ಸಿ.ಆರ್. ಬರುತ್ತಿತ್ತು. ಮೊದಲು ಏಸುವಿನ ಜೀವನದ ಒಂದು ಕ್ಯಾಸೆಟ್ಟು, ಅದು ಅವನ ಅಮ್ಮನಿಗೆ. ಆಮೇಲೆ ಎರಡು ದೆವ್ವದ ಕ್ಯಾಸೆಟ್ಟು, ಅವು ನಮಗೆ. ಎರಡೂ ಬಗೆಯ ಚಿತ್ರಗಳಲ್ಲಿ ಸಾಮಾನು ಒಂದೇ ಎಂಬುದು ನನಗೆ ಎಂಟನೇ ವಯಸ್ಸಿಗೇ ಗೊತ್ತಾಗಿಹೋಯಿತು. ಮೇಣದ ಬತ್ತಿ, ಶಿಲುಬೆ, ಬೆಳ್ಳಿ ಬಟ್ಟಲು, ಎತ್ತರದ ಕಿಟಕಿಯಿಂದ ಓರೆಯಾಗಿ ಬೀಳುವ ಬೆಳಕು. ದೆವ್ವದ ಚಿತ್ರದಲ್ಲಿ ಕರೀ ನಿಲುವಂಗಿಯ ಪಾದ್ರಿ ಮಳೆಯಲ್ಲಿ ಚರ್ಮದ ಚೀಲ ಹಿಡಿದು ಬರುತ್ತಾನೆ. ಪಾಪ, ಅವನಿಗೆ ಯಾವಾಗಲೂ ದೇವರ ಮೇಲೆ ಸ್ವಲ್ಪ ಅನುಮಾನ ಇರುತ್ತದೆ. ಹಾಸಿಗೆಗೆ ಕಟ್ಟಿಹಾಕಿದ ಹುಡುಗಿಯೊಬ್ಬಳು ಗಂಡಸಿನ ದನಿಯಲ್ಲಿ ಅವನನ್ನು ಬೈಯುತ್ತಾಳೆ. ಅವನು ತೀರ್ಥ ಎರಚುತ್ತಾನೆ, ಲ್ಯಾಟಿನ್ನಿನಲ್ಲಿ ಮಂತ್ರ ಹೇಳುತ್ತಾನೆ, ಶಿಲುಬೆಯನ್ನು ಅವಳ ಹಣೆಗೆ ಒತ್ತುತ್ತಾನೆ. ಚರ್ಮ ಚುರ್ ಎಂದು ಹೊಗೆಯಾಡುತ್ತದೆ. ಹುಡುಗಿ ಎಷ್ಟು ಒದ್ದಾಡಿದರೆ ಪಾದ್ರಿ ಅಷ್ಟು ಗಟ್ಟಿಯಾಗಿ ಓದಬೇಕು. ಇದು ನಿಯಮ. ಈ ನಿಯಮವನ್ನು ದಯವಿಟ್ಟು ನೆನಪಿಡಿ.

ರಕ್ತಪಿಶಾಚಿಗಳದ್ದು ಇನ್ನೊಂದು ಪಂಗಡ. ಅವು ಶಿಲುಬೆಗೂ ಬೆಳ್ಳುಳ್ಳಿಗೂ ಹೆದರುತ್ತಿದ್ದವು. ನಮ್ಮಮ್ಮ ದಿನಾ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತಿದ್ದುದರಿಂದ ಆ ಪಂಗಡದ ಬಗ್ಗೆ ನಾವು ತಲೆ ಕೆಡಿಸಿಕೊಳ್ಳಲಿಲ್ಲ.

ಒಮ್ಮೆ ಲಾರೆನ್ಸನನ್ನು ಕೇಳಿದ್ದೆ, ನಿಮ್ಮ ಚರ್ಚಿನಲ್ಲಿ ಇಂಥ ಎಷ್ಟು ದೆವ್ವ ಬಿಡಿಸಿದ್ದಾರೆ ಎಂದು. ಭಾನುವಾರದ ಕ್ಯಾಟಿಕಿಸಂ ಕ್ಲಾಸು, ಅಂದರೆ ಧರ್ಮದ ಪಾಠ, ತಪ್ಪಿಸಿದರೆ ಫಾದರ್ ಕಿವಿ ಹಿಂಡುತ್ತಾರೆ, ಅದು ಬಿಟ್ಟರೆ ಇನ್ನೇನೂ ನಡೆಯುವುದಿಲ್ಲ ಎಂದ. ನನಗೆ ಬಹಳ ನಿರಾಸೆಯಾಯಿತು. ಇವನಿಗೆ ತನ್ನ ಧರ್ಮವೇ ಸರಿಯಾಗಿ ಗೊತ್ತಿಲ್ಲ ಅಂದುಕೊಂಡೆ.

ಮುಂದೆ ನಾನು ಬಿ.ಎಸ್ಸಿ. ಮಾಡಿದೆ, ಭೌತಶಾಸ್ತ್ರ ಓದಿದೆ. ದೆವ್ವದ ನಂಬಿಕೆ ಹೋಯಿತು, ಚಿತ್ರದ ಹುಚ್ಚು ಉಳಿಯಿತು. ಅದಕ್ಕೆ ಸಂಕೇತಗಳನ್ನು ಗುರುತಿಸುವ ಹೊಸ ಕಾಯಿಲೆಯೂ ಸೇರಿಕೊಂಡಿತು. ಮಾಯಾಲೋಕದ ಚಿತ್ರದಲ್ಲಿ ನಾಯಕ ಎರಡೂ ತೋಳು ಚಾಚಿ ಬಿದ್ದರೆ ಅದು ಶಿಲುಬೆ. ಮೂರನೇ ದಿನ ಎದ್ದುಬಂದರೆ ಪುನರುತ್ಥಾನ. ಗೆಳೆಯರಿಗೆ ರೊಟ್ಟಿ ಮುರಿದು ಹಂಚಿದರೆ ಕಡೆಯ ಭೋಜನ. ನೀಲಿ ಸೆರಗಿನ ಹೆಂಗಸು ಮಗುವನ್ನೆತ್ತಿಕೊಂಡು ನಿಂತರಂತೂ ಏಸುವಿನ ತಾಯಿಯೇ, ಕೇಳುವುದೇ ಬೇಡ. ಅರಸೀಕೆರೆಯಲ್ಲಿ ನಾವು ಏಳೆಂಟು ಜನ ಸೇರಿ ನಡೆಸುತ್ತಿದ್ದ ಚಿತ್ರ ಬಳಗದಲ್ಲಿ ಈ ವಿಷಯದ ಮೇಲೆ ನಾನು ಒಂದೂವರೆ ಗಂಟೆ ಭಾಷಣ ಮಾಡಿದ್ದೇನೆ. ಆ ಸಭೆಯಲ್ಲಿದ್ದ ಏಕೈಕ ಕ್ಯಾಥೊಲಿಕ್ ಲಾರೆನ್ಸ್. ಅವನು ಹಿಂದಿನ ಸಾಲಿನಲ್ಲಿ ನಿದ್ದೆ ಮಾಡುತ್ತಿದ್ದ. ಎಲ್ಲಿ ಯಾವ ಸಂಕೇತ ಅಡಗಿದ್ದರೂ ಹಿಡಿದು ತೋರಿಸಬಲ್ಲೆ ಎಂಬ ಹೆಮ್ಮೆ ನನಗಿತ್ತು. ಬರಿಗಣ್ಣಿಗೆ ಕಾಣುವ ಒಂದು ವೈರನ್ನು ಹಿಡಿಯಲಾಗಲಿಲ್ಲ.

ಈಗ ನನ್ನ ಅತ್ತೆಯ ಮನೆಗೆ ಬರುತ್ತೇನೆ. ಅತ್ತೆ ಎಂದರೆ ಹೆಣ್ಣು ಕೊಟ್ಟ ಅತ್ತೆಯಲ್ಲ, ಅಪ್ಪನ ತಂಗಿ ಜಯತ್ತೆ. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಅಂಚಿಗೆ ಮನೆ. ಚಿಕ್ಕಂದಿನ ಬೇಸಿಗೆ ರಜೆಗಳೆಲ್ಲ ಅಲ್ಲೇ. ಹಳೇಬೀಡಿನ ಗುಡಿಯ ಗೋಡೆಯ ಮೇಲೆ ಕೋರೆಹಲ್ಲಿನ ರಕ್ಕಸರು, ಬಾಯಿ ತೆರೆದ ಮಕರಗಳು ಸಾಲುಸಾಲಾಗಿ ಇದ್ದವು. ಅವುಗಳ ಕೆಳಗೆ ಕೂತು ನಾವು ಕಡ್ಲೆಪುರಿ ತಿನ್ನುತ್ತಿದ್ದೆವು. ಒಂದು ದಿನವೂ ಹೆದರಿದ್ದಿಲ್ಲ. ಹೆದರಲಿಕ್ಕೆ ನಮಗೆ ಪರದೇಶದ ದೆವ್ವವೇ ಬೇಕಾಗಿತ್ತು.

ಅತ್ತೆಯ ಮನೆಯಲ್ಲಿ ಮಾವ ಇದ್ದಾರೆ. ರಾಗಿ ಹೊಲ, ಒಂದಿಷ್ಟು ತೆಂಗು. ಮಾತು ಕಡಿಮೆ. ಯಾವ ಚಿತ್ರ ಹಾಕಿದರೂ ಹೆಸರು ತೋರಿಸುವಷ್ಟರಲ್ಲಿ ಗೊರಕೆ ಹೊಡೆಯುತ್ತಾರೆ. ಮಗ ಬೇಲೂರಿನ ಗೊಬ್ಬರದಂಗಡಿಯಲ್ಲಿ ಕೆಲಸಕ್ಕೆ ಹೋಗಿ ಬರುತ್ತಾನೆ. ಸೊಸೆ ರೇಖಾ, ಕಣಕಟ್ಟೆ ಕಡೆಯ ಹುಡುಗಿ, ಡಿಗ್ರಿ ಓದಿದವಳು. ಮೊಬೈಲಿನಲ್ಲಿ ಕನ್ನಡಕ್ಕೆ ಡಬ್ ಆದ ದೆವ್ವದ ಚಿತ್ರ ನೋಡುವುದರಲ್ಲಿ ನನ್ನ ವಾರಸುದಾರಳು. ಕಡೆಯದಾಗಿ ಹಸು, ಗೌರಿ.

ಮೊದಲು ಕೆಟ್ಟದ್ದು ಗೌರಿಯೇ. ಹಿತ್ತಿಲಿನಲ್ಲಿ ತಗಡು ಹೊದಿಸಿ, ಕಬ್ಬಿಣದ ಕಂಬ ನಿಲ್ಲಿಸಿ, ಹೊಸ ಕೊಟ್ಟಿಗೆ ಮಾಡಿಸಿದ್ದರು. ವರ್ಷವೊಂದು ಚೆನ್ನಾಗಿತ್ತು. ಆಮೇಲೆ ಒಂದು ದಿನ ಗೌರಿ ಒಳಗೆ ಹೋಗುವುದಿಲ್ಲವೆಂದು ಬಾಗಿಲಲ್ಲೇ ಕಾಲೂರಿ ನಿಂತಿತು. ಹೊಡೆದರೂ ಇಲ್ಲ, ಹಿಂಡಿ ತೋರಿಸಿದರೂ ಇಲ್ಲ. ಕೊಟ್ಟಿಗೆಯ ಬಲ್ಬು ತಾನಾಗಿ ಮಂಕಾಗುತ್ತಿತ್ತು, ತಾನಾಗಿ ಉರಿಯುತ್ತಿತ್ತು. ರೇಖಾ ಒಂದು ಬೆಳಿಗ್ಗೆ ನೆಲ ತೊಳೆದು ಒದ್ದೆ ಕೈಯಲ್ಲಿ ಮೂಲೆಯ ಕಂಬ ಹಿಡಿದಾಗ ಯಾರೋ ತೋಳು ಹಿಡಿದು ಜಗ್ಗಿದ ಹಾಗಾಯಿತಂತೆ. ಬಕೆಟ್ಟು ಎಸೆದು ಓಡಿಬಂದಳು.

ಇಷ್ಟು ಹೇಳಿದರೆ ನಿಮಗೆ ಗೊತ್ತಾಯಿತಲ್ಲವೇ? ನನ್ನ ಹತ್ತನೇ ತರಗತಿಯ ಆ ಹುಡುಗಿಗೂ ಗೊತ್ತಾಗುತ್ತಿತ್ತು. ಆದರೆ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಾದದ್ದು ಬೇರೆ. ಹಸುವಿನ ಕಣ್ಣಿಗೆ ದೆವ್ವ ಕಾಣುತ್ತದೆ, ಅದಕ್ಕೇ ಒಳಗೆ ಕಾಲಿಡುವುದಿಲ್ಲ ಎಂದು ಅತ್ತೆ ತೀರ್ಮಾನಿಸಿದಳು. ಬೂದುಗುಂಬಳಕಾಯಿ ಕಟ್ಟಿದರು. ಯಂತ್ರ ಬರೆಸಿ ಹೂಳಿದರು. ನಿಂಬೆಹಣ್ಣು ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಎಸೆದರು. ಗೌರಿ ಮಾತ್ರ ಹಲಸಿನ ಮರದ ಕೆಳಗೇ ನಿಂತಿತು.

ನಾನು ಅಲ್ಲಿಗೆ ಹೋದಾಗ ಅತ್ತೆ ಇದನ್ನೆಲ್ಲ ಹೇಳಿ, ಯಾವ ದೇವರಿಗೂ ಬಗ್ಗದ ದೆವ್ವ ಯಾವುದಿರಬಹುದು ಎಂದು ಕೇಳಿದಳು. ನಾನು ನಗುತ್ತ, ಇದು ಇಂಗ್ಲಿಷ್ ಮೀಡಿಯಂ ದೆವ್ವ ಇರಬೇಕು, ಕನ್ನಡ ಮಂತ್ರ ಅರ್ಥವಾಗುತ್ತಿಲ್ಲ, ಇದಕ್ಕೆ ಶಿಲುಬೆಯೇ ಗತಿ ಎಂದೆ. ತಮಾಷೆಗೆ ಅಂದೆ ಎಂದು ಈಗ ಪ್ರಮಾಣ ಮಾಡಬಲ್ಲೆ. ಆದರೆ ರೇಖಾ ನಗಲಿಲ್ಲ. "ಭಾವ ಹೇಳೋದು ಸರಿ ಅತ್ತೆ. ಸಿನಿಮಾದಲ್ಲಿ ಕುದುರೆನೂ ಹೀಗೇ ಬಾಗಿಲಲ್ಲಿ ನಿಂತ್ಬಿಡುತ್ತೆ" ಎಂದಳು. ಅತ್ತೆ ನನ್ನತ್ತ ನೋಡಿದಳು. ಓದಿದ ಅಣ್ಣನ ಮಗ, ಮೇಷ್ಟ್ರು, ಇವನು ಸುಮ್ಮನೆ ಹೇಳುತ್ತಾನೆಯೇ ಎಂಬ ನೋಟ. ಆ ನೋಟದ ಮುಂದೆ ನನ್ನ ಬಿ.ಎಸ್ಸಿ. ಬಾಯಿ ಮುಚ್ಚಿಕೊಂಡಿತು. ಒಂದೂವರೆ ಗಂಟೆ ಭಾಷಣಕ್ಕೆ ಸಿಗದ ಶ್ರೋತೃಗಳು ಹಿತ್ತಿಲ ಕಟ್ಟೆಯ ಮೇಲೆ ಸಿಕ್ಕಿದ್ದರು. ಚಿತ್ರಗಳಲ್ಲಿ ಹೇಗೆ ಮಾಡುತ್ತಾರೆಂದು ಪೂರ್ತಿ ವಿವರಿಸಿದೆ. ಮಾವ ಕಾಯಿ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಲೈನ್‌ಮ್ಯಾನ್‌ನ ಕರ್ಕಂಬಂದು ತೋರ್ಸನಾ?" ಎಂದರು. ಅತ್ತೆ, ದೆವ್ವಕ್ಕೂ ಲೈನ್‌ಮ್ಯಾನಿಗೂ ಏನು ಸಂಬಂಧ ಎಂದು ಗದರಿದಳು. ಕೊಟ್ಟಿಗೆಯ ಬಲ್ಬಿನ ವೈರು ಮಾವ ತಾವೇ ಎಳೆದದ್ದು. ಹೆಚ್ಚು ಒತ್ತಾಯ ಮಾಡಲು ಅವರಿಗೂ ಮನಸ್ಸಿರಲಿಲ್ಲವೇನೋ.

ಅರಸೀಕೆರೆಗೆ ಬಂದವನು ಲಾರೆನ್ಸನ ಮನೆಗೆ ಹೋಗಿ, ಶಾಲೆಯ ನಾಟಕಕ್ಕೆ ಬೇಕು ಎಂದು ಸುಳ್ಳು ಹೇಳಿ ಶಿಲುಬೆ ಇಸಿದುಕೊಂಡೆ. ತೀರ್ಥಕ್ಕಾಗಿ ಚರ್ಚಿಗೆ ಹೋದೆ. ಕರೀ ನಿಲುವಂಗಿ, ಚರ್ಮದ ಚೀಲ, ಅನುಮಾನದಿಂದ ಬಸವಳಿದ ಮುಖ ಇವೆಲ್ಲ ಸಿಗುತ್ತವೆ ಎಂದುಕೊಂಡಿದ್ದೆ. ಫಾದರ್ ಅರ್ಧ ತೋಳಿನ ಚೌಕಳಿ ಅಂಗಿ ತೊಟ್ಟು, ಸ್ಕೂಟರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಪ್ಲಗ್ ಒರೆಸುತ್ತಿದ್ದರು. ಅವರ ಹತ್ತಿರ ಸುಳ್ಳು ಹೇಳಲಾಗದೆ ನಿಜವನ್ನೇ ಹೇಳಿದೆ. ಕೇಳಿಸಿಕೊಂಡು ಕೈ ತೊಳೆದು, ನೀರಿನ ಬಾಟಲಿಯೊಂದರಲ್ಲಿ ತೀರ್ಥ ತುಂಬಿಸಿ ಕೊಟ್ಟರು. "ಪ್ರಾರ್ಥನೆ ಮಾಡಿ, ತಪ್ಪಿಲ್ಲ. ಮೊದ್ಲು ವೈರಿಂಗ್ ತೋರಿಸಿ ಮೇಷ್ಟ್ರೇ" ಎಂದರು. ಅರಸೀಕೆರೆಗೆ ಇಂಥ ಮಾಮೂಲಿ ಪಾದ್ರಿಯನ್ನು ಹಾಕಿದ್ದಾರಲ್ಲ ಎಂದು ಬೇಜಾರು ಮಾಡಿಕೊಂಡು ಬಸ್ಸು ಹತ್ತಿದೆ. ಹೀಗೆ ನನಗೆ ಎಚ್ಚರಿಕೆ ಎರಡು ಸಲ ಸಿಕ್ಕಿತ್ತು. ಕಾಯಿ ಸುಲಿಯುವ ಮಾವನಿಂದ ಒಮ್ಮೆ, ಪ್ಲಗ್ ಒರೆಸುವ ಪಾದ್ರಿಯಿಂದ ಒಮ್ಮೆ. ಮಂತ್ರವನ್ನು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದೆ. ಲ್ಯಾಟಿನ್ ಪ್ರಾರ್ಥನೆಯೊಂದು ಸಿಕ್ಕಿತು. ಅರ್ಥ ನೋಡುವ ಗೋಜಿಗೆ ಹೋಗದೆ ಕನ್ನಡ ಅಕ್ಷರದಲ್ಲಿ ಚೀಟಿಯ ಮೇಲೆ ಬರೆದುಕೊಂಡೆ. ಅರ್ಥ ಗೊತ್ತಿಲ್ಲದಿದ್ದರೇ ಮಂತ್ರಕ್ಕೆ ಶಕ್ತಿ ಎಂಬುದರಲ್ಲಿ ನಮಗೂ ಅವರಿಗೂ ಭೇದವಿಲ್ಲ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ನಮಗೆ ಗೊತ್ತಿದ್ದ ಕ್ಯಾಥೊಲಿಕ್ಕರೆಲ್ಲ ಆ ಹೊತ್ತಿಗೆ ಚರ್ಚಿನಲ್ಲಿದ್ದರು. ಬಸ್ತಿಹಳ್ಳಿಯ ದೆವ್ವ ಬಿಡಿಸಲು ಉಳಿದವರು ನಾವೇ. ಅತ್ತೆ ತಲೆಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಬಂದಿದ್ದಳು. ಅದು ನಮ್ಮ ಕಡೆಯ ಮಡಿ. ಬರಿಗಾಲು. ಕೊಟ್ಟಿಗೆಯ ನೆಲವನ್ನು ರೇಖಾ ಭಕ್ತಿಯಿಂದ ತೊಳೆದು ನೀರು ನಿಲ್ಲಿಸಿದ್ದಳು. ಅತ್ತೆಯ ಎಡಗೈಯಲ್ಲಿ ತೀರ್ಥದ ಚೊಂಬು, ಬಲಗೈಯಲ್ಲಿ ಹಿತ್ತಾಳೆಯ ಶಿಲುಬೆ. ಎರಡು ಧರ್ಮಗಳು ಸೇರಿ ಒಬ್ಬ ಹೆಂಗಸನ್ನು ಕೊಲ್ಲಬೇಕೆಂದರೂ ಇದಕ್ಕಿಂತ ಅಚ್ಚುಕಟ್ಟಾಗಿ ಸಿದ್ಧಗೊಳಿಸಲು ಸಾಧ್ಯವಿರಲಿಲ್ಲ. ನಾನು ಬಾಗಿಲ ಹೊರಗೆ ಒಣ ನೆಲದ ಮೇಲೆ, ರಬ್ಬರ್ ಚಪ್ಪಲಿ ಹಾಕಿಕೊಂಡು, ಚೀಟಿ ಹಿಡಿದು ನಿಂತಿದ್ದೆ.

ಅತ್ತೆ ಮೂಲೆಯ ಕಂಬಕ್ಕೆ ತೀರ್ಥ ಎರಚಿದಳು. "ಒತ್ತಿ ಹಿಡಿ ಅತ್ತೆ" ಎಂದೆ. ಹೇಳಿದವನು ನಾನು. ಅವಳು ಶಿಲುಬೆಯನ್ನು ಕಂಬಕ್ಕೆ ಒತ್ತಿ, ಜಾರದಿರಲೆಂದು ಕಂಬದ ಸಮೇತ ಮುಷ್ಟಿಯಲ್ಲಿ ಹಿಡಿದಳು.

ಚೊಂಬು ಬಿತ್ತು. ಅತ್ತೆಯ ಮೈ ಬಿಲ್ಲಿನ ಹಾಗೆ ಬಿಗಿಯಿತು. ತುರುಬು ಬಿಚ್ಚಿಕೊಂಡಿತು. ಹಲ್ಲು ಕಚ್ಚಿಕೊಂಡು, ಗಂಟಲಿನಿಂದ ಅವಳದ್ದಲ್ಲದ ಒಂದು ದನಿ ಹೊರಟಿತು. ಕಣ್ಣು ಅಗಲವಾಗಿ ತೆರೆದು ನನ್ನನ್ನೇ ನೋಡುತ್ತಿತ್ತು. ಒಂದಿಷ್ಟೂ ವ್ಯತ್ಯಾಸವಿಲ್ಲದೆ, ಕ್ವಾರ್ಟರ್ಸಿನ ಟಿ.ವಿ.ಯಲ್ಲಿ ನೋಡಿದ ಹಾಗೆಯೇ. "ಬಂತು, ಮೈಮೇಲೆ ಬಂತು" ಎಂದು ರೇಖಾ ಹಿಂದೆ ಸರಿದಳು. ನಿಯಮ ನೆನಪಿದೆಯಲ್ಲ, ಅವರು ಎಷ್ಟು ಒದ್ದಾಡಿದರೆ ಇವನು ಅಷ್ಟು ಗಟ್ಟಿಯಾಗಿ ಓದಬೇಕು. ನಾನು ಓದಿದೆ. ದನಿ ಎತ್ತರಿಸಿ ಎರಡು ಸಾಲು ಓದಿದೆ. ಆಮೇಲೆ ಎಷ್ಟೋ ಸಲ ಗಡಿಯಾರ ಇಟ್ಟುಕೊಂಡು ನೋಡಿದ್ದೇನೆ. ಆ ಎರಡು ಸಾಲಿಗೆ ನಾಲ್ಕು ಸೆಕೆಂಡು ಬೇಕು.

ನನ್ನನ್ನು ಪಕ್ಕಕ್ಕೆ ತಳ್ಳಿಕೊಂಡು ಮಾವ ನುಗ್ಗಿದರು. ಅವರ ಕೈಯಲ್ಲಿ ಒಣಗಿದ ತೆಂಗಿನ ಮಟ್ಟೆ ಇತ್ತು. ಅದರಿಂದ ಅತ್ತೆಯ ಮಣಿಕಟ್ಟಿಗೆ ಬೀಸಿ ಹೊಡೆದರು. ನಮ್ಮ ಹಳ್ಳಿಗಳಲ್ಲಿ ದೆವ್ವ ಹಿಡಿದವರಿಗೆ ಪೊರಕೆಯಲ್ಲಿ ಬಾರಿಸುವುದುಂಟು. ಮಾವ ಕಡೆಗೂ ನಮ್ಮ ಹಳೇ ಪದ್ಧತಿಗೆ ಬಂದರು ಎಂದುಕೊಂಡೆ. ಆ ಗಳಿಗೆಯಲ್ಲೂ ನನ್ನ ತಲೆಗೆ ಹೊಳೆದದ್ದು ಅಷ್ಟೇ. ಎರಡನೇ ಏಟಿಗೆ ಕೈ ಬಿಟ್ಟಿತು. ಅತ್ತೆ ಕಂಬದಾಚೆ, ಹೊರಗಿನ ಸಗಣಿ ಗುಡ್ಡೆಯ ಮೇಲೆ ಬಿದ್ದಳು.

"ಕರೆಂಟು ಕಣ್ಲಾ, ಓದ್ತಾ ನಿಂತವ್ನೆ. ಓಗಿ ಫ್ಯೂಸ್ ಕೀಳ್ಲಾ" ಎಂದರು ಮಾವ. ನಲವತ್ತು ವರ್ಷದಲ್ಲಿ ಅವರು ನನಗೆ ಹೇಳಿದ ಅತಿ ಉದ್ದದ ಮಾತು ಅದು.

ಫ್ಯೂಸ್ ಕಿತ್ತು ಬಂದಾಗ ಅತ್ತೆಯ ತುಟಿ ನೀಲಿಗಟ್ಟಿತ್ತು. ಮಾವ ಅವಳ ಅಂಗಾಲು ತಿಕ್ಕುತ್ತಿದ್ದರು. ನಾನು ಮೂಗಿನ ಹತ್ತಿರ ಕೈ ಹಿಡಿದೆ. ಉಸಿರಿದೆಯೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಅವಳು ಒಮ್ಮೆ ಕೆಮ್ಮಿದಳು. ಅಷ್ಟು ಚಂದದ ಕೆಮ್ಮನ್ನು ನಾನು ಇನ್ನೆಲ್ಲೂ ಕೇಳಿಲ್ಲ.

ಬೇಲೂರಿನ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಕಳಿಸಿದರು. ಅಂಗೈ ಸುಟ್ಟಿತ್ತು. ಕಟ್ಟು ಬಿಚ್ಚಿದಾಗ ನೋಡಿದರೆ ಅಂಗೈಯಲ್ಲಿ ಶಿಲುಬೆಯ ಗುರುತು ಅಚ್ಚೊತ್ತಿದ ಹಾಗೆ ಮೂಡಿತ್ತು. ರೇಖಾ ಅದನ್ನು ಬಹಳ ಹೊತ್ತು ನೋಡಿ, ಮೆಲ್ಲಗೆ ನನ್ನ ಕಿವಿಯಲ್ಲಿ, "ಭಾವ, ಸಿನಿಮಾದಲ್ಲಿ ಶಿಲುಬೆ ಸುಡೋದು ದೆವ್ವಕ್ಕೆ ತಾನೆ?" ಎಂದಳು. ಮದುವೆಯಾದಾಗಿನಿಂದ ಅವಳಿಗಿದ್ದ ಯಾವುದೋ ಸಂದೇಹ ಆವತ್ತು ಪರಿಹಾರವಾದಂತೆ ಕಂಡಿತು.

ಲೈನ್‌ಮ್ಯಾನ್ ಬಂದು ನೋಡಿದ. ಮಾವ ಪಂಪಿನ ಕಡೆಯಿಂದ ಎಳೆದಿದ್ದ ವೈರು ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಕಳಚಿಕೊಂಡಿತ್ತು. ಅರ್ಥಿಂಗ್, ಅಂದರೆ ನನ್ನ ಪಾಠದ ಭೂಸಂಪರ್ಕ, ಎಂಬುದು ಆ ಮನೆಗೆ ಇರಲೇ ಇಲ್ಲ. ಇಷ್ಟು ದಿನ ಎಲ್ಲರನ್ನೂ ಕಾಪಾಡಿದ್ದು ಒಣ ನೆಲ ಮತ್ತು ಚಪ್ಪಲಿ. ಗೌರಿಗೆ ಚಪ್ಪಲಿ ಇರಲಿಲ್ಲ, ಆದ್ದರಿಂದ ಅದಕ್ಕೆ ಮೊದಲು ತಿಳಿಯಿತು.

ಆದರೆ ಊರಿನಲ್ಲಿ ಹಬ್ಬಿದ ಕತೆಯೇ ಬೇರೆ. ನೋಡಲು ಬಂದವರಿಗೆಲ್ಲ ಅತ್ತೆ, ಮಂಜ ಅಲ್ಲಿ ನಿಂತು ಮಂತ್ರ ಓದುತ್ತಿದ್ದ, ಅದಕ್ಕೇ ತನ್ನ ಜೀವ ಉಳಿಯಿತು ಎಂದು ಹೇಳಿದಳು. ಮಂಜ ಎಂದರೆ ನಾನು. ತಿಂಗಳೊಳಗೆ ನನಗೆ ಮೂರು ಕಡೆಯಿಂದ ಕರೆ ಬಂತು. ಹುಲಿಕೆರೆಯವರೊಬ್ಬರಿಗೆ ಪದೇಪದೇ ಕೆಡುತ್ತಿದ್ದ ಬೋರ್‌ವೆಲ್ ಮೋಟಾರಿನ ಮುಂದೆ ಲ್ಯಾಟಿನ್ ಓದಿಸಬೇಕಾಗಿತ್ತು. ಖಾಲಿ ಬಾಟಲಿ ಹಿಂತಿರುಗಿಸುವ ನೆಪದಲ್ಲಿ ಚರ್ಚಿಗೆ ಹೋಗಿ ಫಾದರಿಗೆ ಆ ಚೀಟಿ ತೋರಿಸಿದೆ. ಅವರು ಕನ್ನಡ ಅಕ್ಷರಗಳನ್ನು ತುಟಿಯಲ್ಲೇ ಓದಿಕೊಂಡು, ನಗಬೇಕೋ ಬೇಡವೋ ಎಂಬಂತೆ ನನ್ನನ್ನು ನೋಡಿ, ಇದು ಊಟಕ್ಕೆ ಕೂರುವ ಮುಂಚೆ ಹೇಳುವ ಪ್ರಾರ್ಥನೆ ಎಂದರು.

ಅಲ್ಲಿಗೆ ನನ್ನ ಚಿತ್ರ ಬಳಗದ ಭಾಷಣಗಳು ನಿಂತವು. ಈಗ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರ್ ಇಟ್ಟುಕೊಳ್ಳುತ್ತೇನೆ. ಯಾರ ಮನೆಗೆ ಹೋದರೂ ಗೇಟನ್ನು ಮೊದಲು ಬೆರಳ ಹಿಂಭಾಗದಿಂದ ಮುಟ್ಟುತ್ತೇನೆ. ತರಗತಿಯಲ್ಲಿ ಭೂಸಂಪರ್ಕ ತಂತಿಯ ಪಾಠ ಬಂದರೆ ಎರಡು ದಿನ ಹೆಚ್ಚು ತೆಗೆದುಕೊಳ್ಳುತ್ತೇನೆ. ಮಕ್ಕಳು ನಗುತ್ತಾರೆ. ಬೋರ್ಡಿನ ಮೇಲೆ ಮನೆಯ ಚಿತ್ರ ಬರೆದು ತಂತಿ ಎಳೆಯುವಾಗ, ಒಮ್ಮೊಮ್ಮೆ ಅತ್ತೆಯ ಆ ಅಗಲ ಕಣ್ಣು ಅಲ್ಲಿ ಬಂದು ನಿಲ್ಲುತ್ತದೆ. ಕೈಯಲ್ಲಿ ಸೀಮೆಸುಣ್ಣ ಮುರಿಯುತ್ತದೆ.

ಹೋದ ವಾರ ಬಸ್ತಿಹಳ್ಳಿಗೆ ಹೋಗಿದ್ದೆ. ಕೊಟ್ಟಿಗೆಯ ಪಕ್ಕ ಅರ್ಥಿಂಗ್ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಪೈಪು ಹುಗಿಸಿದ್ದಾರೆ. ಗುಂಡಿ ಒಣಗದಂತೆ ಆಗಾಗ ನೀರು ಹಾಕಬೇಕೆಂದು ಲೈನ್‌ಮ್ಯಾನ್ ಹೇಳಿದ್ದನಂತೆ. ಅತ್ತೆ ಪೈಪಿಗೆ ಅರಿಶಿನ ಕುಂಕುಮ ಹಚ್ಚಿ, ದಾಸವಾಳವೊಂದನ್ನು ಸಿಕ್ಕಿಸಿದ್ದಾಳೆ. ಬೆಳಿಗ್ಗೆ ತುಳಸಿಗೆ ನೀರು ಹಾಕಿದ ಮೇಲೆ ಇದಕ್ಕೂ ಒಂದು ಚೊಂಬು. ಉಪ್ಪು, ನೀರು, ನಮಸ್ಕಾರ. ಸಂಕೇತ ಹುಡುಕುವ ಹಳೇ ಚಟ ಒಳಗೆ ತಲೆಯೆತ್ತಿತು. ಅದನ್ನು ಅಲ್ಲೇ ಅದುಮಿದೆ.

ಹಿತ್ತಿಲಲ್ಲಿ ನಾವಿಬ್ಬರೇ ಇದ್ದೆವು. ಎಂಟು ತಿಂಗಳು ಬಾಯಲ್ಲಿಟ್ಟುಕೊಂಡದ್ದನ್ನು ಹೇಳಿಬಿಡಬೇಕು ಅನ್ನಿಸಿತು. ಚಿತ್ರಗಳಲ್ಲಿ ಪಾಪನಿವೇದನೆಗೆ ಕತ್ತಲ ಗೂಡು, ನಡುವೆ ಜಾಲರಿ, ಆಚೆ ಬದಿಯಲ್ಲಿ ಪಿಸುಮಾತು ಇರುತ್ತವೆ. ಇಲ್ಲಿ ಸುಡುಬಿಸಿಲು, ಸಗಣಿ ವಾಸನೆ. "ಅತ್ತೆ, ಆವತ್ತು ನೀನು ಒದ್ದಾಡ್ತಿದ್ದಾಗ ನಾನು ನಿನ್ನ ಬಿಡಿಸಲಿಲ್ಲ. ದೆವ್ವ ಅಂತ ತಿಳ್ಕೊಂಡು ಇನ್ನೂ ಜೋರಾಗಿ ಓದಿದೆ" ಎಂದೆ.

ಅತ್ತೆ ದಾಸವಾಳ ಸರಿಮಾಡುತ್ತ, "ಗೊತ್ತು ಕಣೋ" ಎಂದಳು. "ನಂಗೆ ಎಲ್ಲಾ ಕೇಳಿಸ್ತಿತ್ತು. ಬಾಯಿ ಬರ್ತಿರ್ನಿಲ್ಲ ಅಷ್ಟೆಯ. ನಿನ್ ಬಾಯ್ನೇ ನೋಡ್ತಿದ್ದೆ, ಯಾವಾಗ ನಿಲ್ಲಿಸ್ತಾನೋ ಇವ್ನು ಅಂತ."

ಹಾಗಾದರೆ ಊರಿಗೆಲ್ಲ ಯಾಕೆ ಆ ಕತೆ ಹೇಳಿದೆ ಎಂದು ಕೇಳಿದೆ.

"ಇನ್ನೇನು ಏಳ್ಳಿ? ಇಸ್ಕೂಲ್ನಾಗೆ ಕರೆಂಟ್ ಪಾಠ ಮಾಡೋನು ನೀನು."

ಚೊಂಬನ್ನು ನನ್ನ ಕೈಗೆ ಕೊಟ್ಟಳು. ಕೊಡುವಾಗ ಅಂಗೈ ತಿರುಗಿತು. ಗುರುತು ಮಾಸಿದೆ, ಅಳಿಸಿಲ್ಲ. ನಾನು ಬಗ್ಗಿ ಗುಂಡಿಗೆ ನೀರು ಸುರಿದೆ. ಉಪ್ಪು ನೀರನ್ನು ಹೀರಿಕೊಳ್ಳುವ ಸಣ್ಣ ಸದ್ದು ಕೇಳಿಸಿತು. ಪಕ್ಕದ ಕೊಟ್ಟಿಗೆಯೊಳಗೆ, ಅದೇ ಮೂಲೆಯ ಕಂಬಕ್ಕೆ ಗೌರಿ ತನ್ನ ಕತ್ತು ಉಜ್ಜಿಕೊಳ್ಳುತ್ತಿತ್ತು.